ಐವತ್ತನೇ ನಂಬರ್

ಪರದೆಯ ಮೂಲೆಯ ಹಳದಿ ಚುಕ್ಕೆ ಹಸಿರಾಯಿತು, ಅಬ್ಬ, ಬೆಳಗಿನಿಂದ ಮುನಿಸಿಕೊಂಡು ಕೂತಿದ್ದದ್ದು ಕೊನೆಗೂ ಹಸಿರು, ಅಂದರೆ ದಾರಿ ತೆರೆದುಕೊಂಡಿತು, ಈ ಮೇಜಿನಿಂದ ಊರಿನ ಆ ತುದಿಯ ನಕ್ಷೆ ಆಫೀಸಿನ ಒಳಕ್ಕೆ, ನಡುವೆ ಯಾರ ಕಣ್ಣಿಗೂ ಬೀಳದ ಹಾಗೆ, ಸುರಂಗ, ಹಾಗೆಂದೇ ಅವಳು ಎಲ್ಲರಿಗೂ ಹೇಳುವುದು, ವಿಪಿಎನ್ ಅಂದರೆ ಕಹಿ ಮಾತ್ರೆ ನುಂಗಿದವರ ಹಾಗೆ ಮುಖ ಮಾಡುತ್ತಾರೆ, ಸುರಂಗ ಅಂದರೆ ತಕ್ಷಣ ಕಣ್ಣರಳಿಸಿ ಹಾಂ ಹಾಂ ಅನ್ನುತ್ತಾರೆ — ಏನಮ್ಮಾ ಆಯ್ತಾ, ಎಂದು ಮೇಜಿನ ಮೇಲೆ ಮಲಗಿಸಿದ ಫೋನಿನಿಂದ ದೊಡ್ಡಕ್ಕ ಕೂಗುತ್ತಾಳೆ, ಕೂಗುವುದೇ, ಫೋನಿಲ್ಲದಿದ್ದರೂ ಇಲ್ಲಿಗೆ ಕೇಳಿಸುವಂಥ ಗಂಟಲು, ಆ ಆಫೀಸಿಗೆ ದೊಡ್ಡಕ್ಕ ಅಂದರೆ ಸರ್ವಸ್ವ, ಬಾಗಿಲು ತೆಗೆಯುವವಳು, ಪತ್ರ ಟೈಪು ಮಾಡುವವಳು, ಯಜಮಾನರನ್ನು ಗದರುವವಳು, ನಿನ್ನೆಯಿಂದ ಇವಳ ಕೈಯೂ ಕಣ್ಣೂ ಅವಳೇ, ದೊಡ್ಡಕ್ಕ ಆ ಕಪ್ಪು ಡಬ್ಬಿ ಹಿಂದೆ ನೋಡಿ, ನೀಲಿ ವೈರು ಎಳೀಬೇಡಿ, ಅಯ್ಯೋ ನೀಲಿ ಬೇಡ ಅಂದ್ನಲ್ಲ — ಆಯ್ತು ದೊಡ್ಡಕ್ಕ, ಹಸಿರು ಬಂತು — ಪುಣ್ಯ ಬರ್ಲಿ ನಿಂಗೆ, ಆ ಮನುಷ್ಯ ನನ್ನ ಪ್ರಾಣ ತಿಂತಿದಾನೆ, ಆ ಮನುಷ್ಯ ಅಂದರೆ ನಕ್ಷೆ ಬರೆಯುವ ಹಿರಿಯರು, ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದಾರೆ, ಮಲಗಿದಲ್ಲಿಂದಲೇ ಗೆರೆ ಎಳೀತೀನಿ ನಂಗೊಂದು ದಾರಿ ಮಾಡ್ಕೊಡಿ ಎಂದು ಹಟ ಹಿಡಿದಿದ್ದಾರೆ, ಅವರಿಗಾಗಿಯೇ ಈ ಸುರಂಗ, ಅವರ ಕೈಗೆ ಕೊಡುವ ಮೊದಲು ತನ್ನ ಮನೆಯಿಂದ ಒಮ್ಮೆ ಹೋಗಿ ನೋಡಿಬರುವುದು ಅವಳ ಪದ್ಧತಿ. ತಾನು ನಡೆಯದ ದಾರಿಯಲ್ಲಿ ಅವಳು ಯಾರನ್ನೂ ಕಳಿಸಿದವಳಲ್ಲ.

ಮೊದಲು ಫೈಲುಗಳ ಪೆಟ್ಟಿಗೆ, ಹತ್ತನೇ ನಂಬರ್, ಒತ್ತಿದಳು, ಉತ್ತರವಿಲ್ಲ, ಇರಲಿ, ಪ್ರಿಂಟರ್, ಇಪ್ಪತ್ತು, ಅದೂ ಮಾತಾಡುವುದಿಲ್ಲ, ಇದೇನು ಹಸಿರು ಬಂದಮೇಲೂ ಮೌನವ್ರತ, ಕ್ಯಾಮೆರಾ, ಐವತ್ತು — ಒಂದೊಂದು ಯಂತ್ರಕ್ಕೂ ವಿಳಾಸವಾಗಿ ಕೊಡುವ ಈ ನಂಬರುಗಳು ಅವಳ ಸ್ವಂತ ಕಟ್ಟಳೆ, ಯಾವ ಆಫೀಸಿಗೆ ಹೋದರೂ ಪೆಟ್ಟಿಗೆಗೆ ಹತ್ತು, ಪ್ರಿಂಟರಿಗೆ ಇಪ್ಪತ್ತು, ಕ್ಯಾಮೆರಾಗೆ ಐವತ್ತು, ಜೊತೆಯ ಕೆಲಸದವರು ನಗುತ್ತಾರೆ, ನಗಲಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು, ಅವರು ಹೇಳಲಿ ನೋಡೋಣ — ಐವತ್ತು ಒತ್ತಿದ್ದೇ ತಡ ಪುಟ ತೆರೆದುಕೊಂಡಿತು, ಪಾಸ್‌ವರ್ಡ್ ಕೇಳಲೇ ಇಲ್ಲ, ಸಿಟ್ಟು ಬಂತು, ತಾನೇ ಕೈಯಾರೆ ಹಾಕಿ ಬಂದಿದ್ದು, ಯಾರು ತೆಗೆದರು, ಮನೆಗೆ ಕದವೇ ಬೇಡ ಅನ್ನುವ ಜನ, ದೊಡ್ಡಕ್ಕನಿಗೆ ಎರಡು ಮಾತು ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಚಿತ್ರ ಬಂತು, ಮೊದಲು ಮಬ್ಬು ಮಬ್ಬಾಗಿ, ಆಮೇಲೆ ತಿಳಿಯಾಗಿ, ಒಂದು ಕೋಣೆ, ಮೇಲಿನಿಂದ ಕಂಡ ಹಾಗೆ, ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಹೆಂಗಸಿನ ಬೆನ್ನು, ಕತ್ತು ಮುಂದಕ್ಕೆ ಚಾಚಿ ಗೂನಾಗಿ ಕೂತಿದ್ದಾಳೆ, ಕೂದಲು ಸುತ್ತಿ ಸಿಕ್ಕಿಸಿದ ಕ್ಲಿಪ್ಪು ಒಂದು ಕಡೆಗೆ ಜೋತುಬಿದ್ದಿದೆ, ನೆತ್ತಿಯ ಹಿಂದೆ ಅಂಗೈಯಗಲ ಬೆಳ್ಳಗೆ, ಪಾಪ, ಯಾರಪ್ಪ ಇವಳು, ಆಫೀಸಿಗೆ ಬರುವಾಗ ಒಂದು ಬಾಚಣಿಗೆಯನ್ನಾದರೂ ಆಡಿಸಬಾರದೇ, ಹೊಸದಾಗಿ ಸೇರಿಕೊಂಡವಳೋ ಏನೋ, ಕೂತ ಭಂಗಿ ನೋಡಿದರೆ ಕೆಲಸಕ್ಕೆ ಸೇರಿದ ದಿನವೇ ದಣಿದುಹೋದ ಹಾಗಿದೆ — ದೊಡ್ಡಕ್ಕ, ಅಲ್ಲಿ ಯಾರೋ ಕೂತಿದಾರಲ್ಲ, ಯಾರದು — ಯಾರೂ ಇಲ್ವಲ್ಲಮ್ಮ, ಎಲ್ರೂ ಊಟಕ್ಕೆ ಹೋದ್ರು, ನಾನೊಬ್ಬಳೇ ಇರೋದು, ಕ್ಯಾಮೆರಾ ಎದುರಿಗೇ ನಿಂತಿದೀನಿ, ನೋಡು, ಕೈ ಬೀಸ್ತಿದೀನಿ, ಕಾಣ್ತಿದೀನಾ.

ಕಾಣುತ್ತಿಲ್ಲ, ದೊಡ್ಡಕ್ಕನ ಕೈಯೂ ಇಲ್ಲ ಮೈಯೂ ಇಲ್ಲ, ಆ ಬೆನ್ನು ಮಾತ್ರ, ನಕ್ಷೆ ಆಫೀಸಿನ ಉದ್ದ ಮೇಜುಗಳೂ ಇಲ್ಲ, ಗೋಡೆ ಬೇರೆ ಬಣ್ಣ, ಇದು ಯಾರ ಆಫೀಸಿಗೆ ಬಂದುಬಿಟ್ಟೆ, ಯಾರದೋ ಬಾಗಿಲು ತಳ್ಳಿ ಒಳಗೆ ಬಂದೆನಲ್ಲ ಎಂಬ ಸಂಕೋಚಕ್ಕೆ ಕತ್ತಿನ ಹಿಂದೆ ನವೆಯೆದ್ದಿತು, ಬಲಗೈ ತಾನಾಗಿ ಹಿಂದಕ್ಕೆ ಹೋಗಿ ಜೋತುಬಿದ್ದ ಕ್ಲಿಪ್ಪನ್ನು ಮೇಲಕ್ಕೆ ತಳ್ಳಿತು, ಕೈ ಮತ್ತೆ ಮೇಜಿಗೆ ಬಂತು, ಎರಡು ಉಸಿರು ಕಳೆಯಿತು, ಆಗ ಚಿತ್ರದ ಹೆಂಗಸು ತನ್ನ ಬಲಗೈಯನ್ನು ಹಿಂದಕ್ಕೆ ತಂದು ಕ್ಲಿಪ್ಪನ್ನು ಮೇಲಕ್ಕೆ ತಳ್ಳಿದಳು. ಮೊದಲು ನಗು ಬಂತು, ನಿಜವಾಗಿ, ಓ ಇವಳಿಗೂ ನನ್ನ ಅಭ್ಯಾಸವೇ ಎಂದು, ಆ ನಗು ತುಟಿಯಲ್ಲೇ ಒಣಗಿಹೋಯಿತು, ಹೆಂಗಸಿನ ಎಡಗಡೆ ಚೊಂಬು, ಅವಳ ಎಡಗಡೆ ಚೊಂಬು, ಹೆಂಗಸಿನ ಕುರ್ಚಿಯ ಬೆನ್ನಿಗೆ ಹಾಕಿದ ಬೂದು ಬಣ್ಣದ ಸ್ವೆಟರು, ಅಮ್ಮನ ಸ್ವೆಟರು, ಅದರ ತೋಳು ಈಗ ಅವಳ ಮೊಣಕೈಗೆ ತಾಗುತ್ತಿದೆ, ತಾಗುತ್ತಲೇ ಇದೆ — ಏನಮ್ಮಾ, ಕೈ ನೋಯ್ತಿದೆ ನಂಗೆ, ಕಾಣ್ತಿದೀನಾ ಇಲ್ವಾ ಹೇಳು — ಕಾಣ್ತಿದೀರಿ ದೊಡ್ಡಕ್ಕ, ಎಂದಿತು ಯಾರದೋ ಗಂಟಲು, ಅವಳದೇ, ಎಷ್ಟು ಸಲೀಸಾಗಿ ಎಂದಿತು — ಹೆಂಗೆ ಕಾಣ್ತಿದೀನಿ, ದಪ್ಪ ಕಾಣ್ತೀನಾ — ಇಲ್ಲ, ಚೆನ್ನಾಗಿದೀರಿ, ದೊಡ್ಡಕ್ಕ ನಾನು ಐದು ನಿಮಿಷ ಬಿಟ್ಟು ಮಾಡ್ತೀನಿ — ಸರಿ ಬಿಡು, ನಾನೂ ಒಂದು ಲೋಟ ಟೀ ಕುಡೀತೀನಿ, ಎಂದು ದೊಡ್ಡಕ್ಕ ಹೋದಳು.

ಸುರಂಗ ಮುಚ್ಚಿ ನೋಡಬೇಕು, ಅಷ್ಟೇ, ಗಾಬರಿಯಾಗುವುದಕ್ಕೆ ಮೊದಲು ಒಂದೊಂದನ್ನೇ ಕಳಚಿ ನೋಡಬೇಕು, ಕೆಲಸ ಕಲಿಯಲು ಬಂದವರಿಗೆಲ್ಲ ಅವಳೇ ಹೇಳಿಕೊಡುವ ಮಾತು, ಒತ್ತಿದಳು, ಹಸಿರು ಹೋಗಿ ಬೂದು ಬಣ್ಣವಾಯಿತು, ಆಫೀಸಿನ ದಾರಿ ಪೂರ್ತಿ ಮುಚ್ಚಿತು, ಈಗ ಈ ಚಿತ್ರ ಹೋಗಬೇಕು, ಹೋಗು, ಹೋಗಲೇಬೇಕು, ಆಫೀಸಿನದೇ ಆಗಿದ್ದರೆ ಹೋಗಲೇಬೇಕು — ಹೋಗಲಿಲ್ಲ, ಬೆನ್ನು ಅಲ್ಲೇ ಇದೆ, ಮೇಲಕ್ಕೆ ತಳ್ಳಿದ ಕ್ಲಿಪ್ಪು ಅಲ್ಲೇ ಇದೆ, ಅಂಗೈಯಗಲ ಬಿಳುಪು ಅಲ್ಲೇ ಇದೆ. ಅಂದರೆ ಇದು ಆಫೀಸಲ್ಲ, ಇಲ್ಲೇ, ಈ ಗೋಡೆಗಳೊಳಗೆ, ತಿಳಿಯಿತು, ತಿಳಿಯದೆ ಏನು, ಆಫೀಸಿಗೂ ಮನೆಗೂ ಒಂದೇ ಸಾಲಿನ ನಂಬರುಗಳು, ಎರಡೂ ಕಡೆ ಇಂಟರ್ನೆಟ್ ಡಬ್ಬಿಯನ್ನು ಅಂಗಡಿಯಿಂದ ತರುವಾಗ ಇದ್ದ ನಂಬರುಗಳೇ, ಸುರಂಗ ತೋಡುವ ಮೊದಲು ಒಂದು ಕಡೆಯದನ್ನು ಬದಲಿಸಬೇಕು, ಅದು ಮೊದಲ ಪಾಠ, ಎರಡು ಬೀದಿಗೂ ಒಂದೇ ಮನೆ ನಂಬರ್ ಇದ್ದರೆ ಅಂಚೆಯವನು ತನ್ನ ಬೀದಿಯ ಬಾಗಿಲನ್ನೇ ತಟ್ಟುತ್ತಾನೆ, ದೂರದ ಬೀದಿಗೆ ಹೋಗುವುದೇ ಇಲ್ಲ, ಹಿರಿಯರ ಅವಸರಕ್ಕೆ ಮಣಿದು ಆಮೇಲೆ ಬದಲಿಸಿದರಾಯಿತು ಎಂದು ಬಿಟ್ಟಿದ್ದಳು, ಹತ್ತು ತಟ್ಟಿದರೆ ಯಾರೂ ಓಗೊಡಲಿಲ್ಲ ಏಕೆಂದರೆ ಮನೆಯಲ್ಲಿ ಹತ್ತಿಲ್ಲ, ಇಪ್ಪತ್ತೂ ಇಲ್ಲ, ಆದರೆ ಐವತ್ತು ಇದೆ. ಮನೆಯಲ್ಲಿ ಐವತ್ತು ಇದೆ.

ಐವತ್ತು ಕೊಟ್ಟವರು ಯಾರು, ಇದೇನು ಕೇಳುವ ಮಾತೇ, ಮನೆಯಲ್ಲಿ ಇರುವವರು ಇಬ್ಬರು, ಅವಳು ಮತ್ತು ಗಂಡ, ಅವಳು ಕೊಡಲಿಲ್ಲ, ರೀ ದಿನವೆಲ್ಲ ಊರವರ ವೈರು ಬಿಡಿಸಿ ಬಿಡಿಸಿ ಸಾಕಾಗಿರುತ್ತೆ, ಮನೇದು ನೀವು ನೋಡ್ಕೊಳ್ಳಿ, ಎಂದು ಅವಳೇ ಒಪ್ಪಿಸಿದ್ದು, ಔಷಧಿ ಅಂಗಡಿಯವನಿಗೆ ಇದೆಲ್ಲ ಹೇಗೆ ಬರಬೇಕು, ಅದಕ್ಕೆ ಒಂದು ರಜೆಯ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು, ನೋಡಿ, ಇಲ್ಲಿ ಹೀಗೆ, ನಾಳೆ ಪ್ರಿಂಟರ್ ಗಿಂಟರ್ ತಂದ್ರೆ ಇಪ್ಪತ್ತು ಕೊಡಿ, ಕ್ಯಾಮೆರಾ ತಂದ್ರೆ ಐವತ್ತು, ಯಾಕೆ ಐವತ್ತು, ಯಾಕೆ ಅಂದ್ರೆ ನಾನು ಹೇಳ್ದೆ ಅಂತ, ಅವನು ನಕ್ಕು ಅವಳ ಕಿವಿ ಹಿಂಡಿದ್ದ, ಸರಿ ಮೇಷ್ಟ್ರೇ, ಎಂದಿದ್ದ, ಮೇಷ್ಟ್ರು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದಾನೆ, ಪಾಸ್‌ವರ್ಡ್ ಒಂದನ್ನು ಮರೆತಿದ್ದಾನೆ, ಅದು ಎರಡನೇ ಪಾಠ, ಅಷ್ಟು ಹೊತ್ತಿಗೆ ಇಬ್ಬರಿಗೂ ನಿದ್ದೆ ಬಂದಿತ್ತು — ಎಲ್ಲಿದೆ ಅದು, ಎತ್ತರದಲ್ಲಿ, ಬೆನ್ನ ಹಿಂದೆ, ಬಲಕ್ಕೆ, ಅಲ್ಲಿ ಬೀರು, ಬೀರುವಿನ ಮೇಲೆ ಗಡಿಯಾರ, ಕೆಂಪು ಅಂಕಿಗಳ ಗಡಿಯಾರ, ಅಯ್ಯೋ, ಅವನೇ ತಂದದ್ದು, ಕೂತರೆ ಹೊತ್ತು ಗೊತ್ತಾಗಲ್ಲ ನಿಂಗೆ, ಅಂದಿದ್ದ, ಅದನ್ನ ಒರೆಸೋಕೆ ಹೋಗ್ಬೇಡ ಕಣೇ, ಸೂಕ್ಷ್ಮ, ನಾನೇ ಒರೆಸ್ತೀನಿ, ಅಂದಿದ್ದ, ಮನೆಯಲ್ಲಿ ಒಂದು ಲೋಟ ಎತ್ತಿಡದ ಗಂಡಸು ಗಡಿಯಾರ ಒರೆಸುತ್ತಾನಲ್ಲ ಎಂದು ಅವಳು ತಂಗಿಗೆ ಫೋನು ಮಾಡಿ ನಕ್ಕಿದ್ದಳು, ಅದು ಬೆನ್ನ ಹಿಂದಿದ್ದರೆ ನಾನು ಹೊತ್ತು ನೋಡೋದು ಹೇಗ್ರೀ ಎಂದು ಕೇಳಿದ್ದಕ್ಕೆ, ತಿರುಗಿ ನೋಡು, ಕತ್ತಿಗೂ ವ್ಯಾಯಾಮ ಆಗುತ್ತೆ, ಎಂದಿದ್ದ. ಅವಳು ತಿರುಗಿ ನೋಡುತ್ತಿದ್ದಳು, ದಿನಕ್ಕೆ ಎಷ್ಟೋ ಸಲ, ಮುಖವೆತ್ತಿ, ಕಣ್ಣು ಕಿರಿದು ಮಾಡಿ, ಅದರ ಕಣ್ಣಿಗೆ ಕಣ್ಣಿಟ್ಟು.

ಈಗ ತಿರುಗಬಾರದು, ತಿರುಗಿದರೆ ತಿಳಿಯಿತೆಂದು ತಿಳಿಯುತ್ತದೆ, ಕತ್ತು ಕಲ್ಲಾಗಿದೆ, ಬೆನ್ನ ಮೇಲೆ ಇರುವೆ ಹರಿದ ಹಾಗೆ, ಕೈ ಬಿಡು, ಹೆಗಲು ಸಡಿಲಿಸು, ಸಹಜವಾಗಿ ಕೂತ್ಕೋ, ಸಹಜವಾಗಿ ಅಂದರೆ ಹೇಗೆ, ಇಷ್ಟು ದಿನ ಹೇಗೆ ಕೂತಿದ್ದೆ, ಒಬ್ಬಳೇ ಇದ್ದೇನೆಂದುಕೊಂಡು ಏನೆಲ್ಲ ಮಾಡಿದ್ದೇನೆ ಈ ಕೋಣೆಯಲ್ಲಿ, ಮೂಗು ಕೆರೆದುಕೊಂಡಿದ್ದೇನೆ, ಸೀರೆ ಬದಲಾಯಿಸಿದ್ದೇನೆ, ಗೋಡೆಗೆ ಬೈದಿದ್ದೇನೆ, ಅವನ ತಾಯಿಯ ದನಿ ತೆಗೆದು ಅಣಕಿಸಿದ್ದೇನೆ, ಅದಕ್ಕೆ ಕಿವಿಯೂ ಇದೆಯೋ ಬರೀ ಕಣ್ಣೋ — ಮತ್ತು ಅತ್ತಿದ್ದೇನೆ, ಅದು, ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ಅಮ್ಮ ಹೋದಮೇಲೆ ಅಮ್ಮನ ಕೋಣೆಗೇ ಮೇಜು ತಂದು ಹಾಕಿಕೊಂಡು, ಮಧ್ಯಾಹ್ನ ಊಟವಾದಮೇಲೆ ಆ ಸ್ವೆಟರಿನ ತೋಳನ್ನು ಬಾಯಿಗೆ ತುರುಕಿಕೊಂಡು, ಪಕ್ಕದ ಮನೆಗೆ ಕೇಳಿಸದ ಹಾಗೆ, ಮೇಜಿಗೆ ಹಣೆಯಿಟ್ಟು, ಆಗ ಫೋನು ಬರುತ್ತಿತ್ತು, ಯಾಕೋ ನಿನ್ನ ನೆನಪಾಯ್ತು ಕಣೇ, ತಲೆನೋವಾ, ಬೇಗ ಬರ್ಲಾ, ಅವಳು ಕಣ್ಣೊರೆಸಿಕೊಂಡು ದಂಗಾಗಿ ಕೂರುತ್ತಿದ್ದಳು, ಇವನಿಗೆ ಹೇಗೆ ಗೊತ್ತಾಯಿತು, ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸುತ್ತಿರುವವನಿಗೆ ಇಲ್ಲಿನ ಬಿಕ್ಕು ಹೇಗೆ ಕೇಳಿಸಿತು, ಒಮ್ಮೆ ಅಂಗಡಿ ಬಾಗಿಲು ಮುಚ್ಚಿ ಐಸ್‌ಕ್ರೀಮ್ ಹಿಡಿದುಕೊಂಡು ಬಂದೇಬಿಟ್ಟಿದ್ದ, ಕರಗಿ ಅಂಗಿಯ ತೋಳಿಗೆಲ್ಲ ಹರಿದಿತ್ತು, ಅವನನ್ನು ತಬ್ಬಿಕೊಂಡು ಆ ದಿನ ಜೋರಾಗಿಯೇ ಅತ್ತಿದ್ದಳು, ಮದುವೆಯಾಗಿ ಇಷ್ಟು ವರ್ಷಕ್ಕೆ ಆ ದಿನ ನಿಜವಾಗಿ ಮದುವೆಯಾಯಿತು ಅನ್ನಿಸಿತ್ತು. ತಂಗಿಗೆ ಹೇಳಿದ್ದಳು, ನನ್ನ ಗಂಡನಿಗೆ ನನ್ನ ಮನಸ್ಸು ಕೇಳಿಸುತ್ತೆ ಕಣೇ, ತಂಗಿ ನಿಟ್ಟುಸಿರುಬಿಟ್ಟಿದ್ದಳು, ಅದೃಷ್ಟವಂತೆ ನೀನಕ್ಕ, ನಮ್ಮನೇಲಿ ನಾನು ಅರ್ಧ ತಲೆ ಬೋಳಿಸ್ಕೊಂಡು ಎದುರಿಗೆ ನಿಂತ್ರೂ, ಟಿವಿಗೆ ಅಡ್ಡ ಬರ್ಬೇಡ, ಪಕ್ಕಕ್ಕೆ ಸರಿ ಅಂತಾರೆ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು, ನಕ್ಕಮೇಲೆ ಅವಳಿಗೆ ತಂಗಿಯ ಬಗ್ಗೆ ಕನಿಕರವಾಗಿತ್ತು.

ಇರು, ಇರು, ಅವಸರ ಬೇಡ, ಅಮ್ಮನಿಗಾಗಿ ಇಟ್ಟಿರಬಹುದಲ್ಲ, ಅಮ್ಮ ಹಾಸಿಗೆ ಹಿಡಿದಿದ್ದಾಗ ಯಾರೂ ಇಲ್ಲದ ಹೊತ್ತಿನಲ್ಲಿ ಬಿದ್ದುಗಿದ್ದಾಳು ಎಂದು, ಒಳ್ಳೆಯದಕ್ಕೇ, ಹೌದು, ಹಾಗೇ ಇರಬೇಕು — ಇಲ್ಲ, ಗಡಿಯಾರ ಬಂದದ್ದು ಅಮ್ಮ ಹೋದಮೇಲೆ, ಮೇಜು ಬಂದಮೇಲೆ, ಹಾಗಾದರೆ ಅವಳಿಗಾಗಿಯೇ, ಅವಳು ಅಳುತ್ತಾ ಏನಾದರೂ ಮಾಡಿಕೊಂಡಾಳು ಎಂಬ ಭಯಕ್ಕೆ, ಮೊದಲ ಕೆಲವು ದಿನ ನೋಡಿ ಆಮೇಲೆ ಮರೆತಿರಬಹುದು, ಎಷ್ಟೋ ಆಫೀಸುಗಳಲ್ಲಿ ಹಾಗೇ ಆಗುತ್ತದೆ, ಆಸೆಪಟ್ಟು ಕ್ಯಾಮೆರಾ ಹಾಕಿಸುತ್ತಾರೆ, ಒಂದು ತಿಂಗಳಾದಮೇಲೆ ಯಾರೂ ತೆಗೆದು ನೋಡುವುದಿಲ್ಲ, ಅದು ತನ್ನಷ್ಟಕ್ಕೆ ಖಾಲಿ ಕುರ್ಚಿಗಳನ್ನು ನೋಡಿಕೊಂಡಿರುತ್ತದೆ, ಹಾಗೇ ಆಗಿರಲಿ ದೇವರೇ, ಅವನು ಈಗ ನೋಡುತ್ತಿಲ್ಲ ಎಂದಾಗಲಿ, ಆ ಫೋನುಗಳೆಲ್ಲ ನಿಜವೇ ಆಗಿರಲಿ, ಆ ನೆನಪಾಯ್ತು ಅನ್ನುವುದು ನೆನಪೇ ಆಗಿರಲಿ, ಇದೊಂದು ಆದರೆ ಸಾಕು, ಗಡಿಯಾರವನ್ನು ಕ್ಷಮಿಸುತ್ತಾಳೆ, ತಂದು ಚರಂಡಿಗೆ ಎಸೆದು ಅವನಿಗೊಂದು ಮಾತೂ ಕೇಳದೆ ಬಿಟ್ಟುಬಿಡುತ್ತಾಳೆ — ಆದರೆ ಆಗಿರಲಿ ಎಂದರೆ ಆಗುತ್ತದೆಯೇ, ನೋಡಬೇಕು, ತಂತಿಯ ಆ ತುದಿಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಅವಳಿಗೆ ಗೊತ್ತಿರುವುದು ಒಂದೇ ಉಪಾಯ, ಸಣ್ಣದೊಂದು ಸದ್ದು ಕಳಿಸುವುದು, ಉತ್ತರ ಬಂದರೆ ಇದ್ದಾರೆ, ಬರದಿದ್ದರೆ ಇಲ್ಲ, ದಿನವೆಲ್ಲ ಮಾಡುವ ಕೆಲಸ, ಇಷ್ಟು ಹೆದರಿ ಯಾವತ್ತೂ ಮಾಡಿರಲಿಲ್ಲ. ಕಣ್ಣಲ್ಲಿ ನೀರಿಲ್ಲ, ಅಳುವೂ ಇಲ್ಲ, ಅವಳು ನಿಧಾನವಾಗಿ ಕೈ ಮಡಿಸಿ ಮೇಜಿನ ಮೇಲಿಟ್ಟು, ಅಳುವಾಗ ಇಡುವ ಹಾಗೆಯೇ ಅದರ ಮೇಲೆ ಹಣೆಯಿಟ್ಟಳು, ಹೆಗಲನ್ನು ಒಂದೆರಡು ಸಲ ಅಲುಗಿಸಿದಳು, ನಾಟಕದವಳ ಹಾಗೆ, ತೋಳಿನ ಸಂದಿಯಿಂದ ಪರದೆ ಕಾಣುತ್ತಿದೆ, ಎರಡು ಉಸಿರು ಕಳೆದು ಹೆಂಗಸು ಕೈ ಮಡಿಸಿದಳು, ಹಣೆಯಿಟ್ಟಳು, ಹೆಗಲು ಅಲುಗಿಸಿದಳು, ಬೆನ್ನು ಈಗ ಇನ್ನೂ ಗೂನು, ಬಿಳುಪು ಇನ್ನೂ ಅಗಲ, ಎಷ್ಟು ವಯಸ್ಸಾಗಿಹೋಗಿದೆ ಇವಳಿಗೆ, ಇದನ್ನೇ ಏನು ಅವನು ದಿನಾ ನೋಡುವುದು. ಬೇಡ, ಬಾರದಿರಲಿ, ಅಂಗಡಿಯಲ್ಲಿ ಈಗ ಜನ ಜಾಸ್ತಿ, ಔಷಧಿ ಚೀಟಿ ಹಿಡಿದು ನಿಂತಿರುತ್ತಾರೆ, ಅವನಿಗೆ ತಲೆಯೆತ್ತಲು ಪುರುಸೊತ್ತಿರುವುದಿಲ್ಲ, ಫ್ಯಾನು ತಿರುಗುತ್ತಿದೆ, ಹೊರಗೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದಾರೆ, ಅದು ಹೊತ್ತಿಕೊಳ್ಳುತ್ತಿಲ್ಲ, ಮತ್ತೆ ಒದ್ದರು, ಹೊತ್ತಿಕೊಂಡಿತು, ಹೋಯಿತು, ಇನ್ನೂ ಬರಲಿಲ್ಲ, ಬರುವುದಿಲ್ಲ, ನೋಡು ನಾನೆಂಥ ಪಾಪಿ, ಅಂಥವನ ಮೇಲೆ ಅನುಮಾನ ಪಟ್ಟೆನಲ್ಲ, ಅವನು ಬಂದ ತಕ್ಷಣ ಕಾಲು ಹಿಡಿದು — ಫೋನು ಮೇಜನ್ನೇ ನಡುಗಿಸಿಕೊಂಡು ಹೊಡೆದುಕೊಂಡಿತು.

ದೊಡ್ಡಕ್ಕನೇ ಇರಬೇಕು, ಟೀ ಮುಗಿದಿರಬೇಕು, ದೊಡ್ಡಕ್ಕ ಆಗಿರಲಿ ಎಂದು ತಲೆಯೆತ್ತದೆಯೇ ತಡಕಿ ಕಿವಿಗಿಟ್ಟುಕೊಂಡರೆ — ಯಾಕೋ ನಿನ್ನ ನೆನಪಾಯ್ತು ಕಣೇ, ಹಿಂದೆ ಅಂಗಡಿಯ ಗದ್ದಲ, ಯಾರೋ ಕೆಮ್ಮುತ್ತಿದ್ದಾರೆ, ಯಾರೋ ಚಿಲ್ಲರೆ ಕೇಳುತ್ತಿದ್ದಾರೆ, ಆ ಗದ್ದಲದ ನಡುವೆ ಅವನ ದನಿ ಒಂದೇ ಮೆತ್ತಗೆ, ತಲೆನೋವಾ — ಇಲ್ಲ, ಕೆಲಸ ಮಾಡ್ತಿದೀನಿ, ಎಂದಳು ಅವಳು, ಹಣೆ ಮೇಜಿನ ಮೇಲೇ ಇದೆ, ಅದು ಸುಳ್ಳೆಂದು ಅವನಿಗೆ ಕಾಣುತ್ತಿದೆ, ಕಾಣುತ್ತಿದ್ದೂ ಅವನು, ಹೌದಾ, ಎನ್ನುತ್ತಾನೆ, ದನಿ ಒಂಥರಾ ಇದೆ ಯಾಕೋ, ಸ್ವಲ್ಪ ಹೊತ್ತು ಮಲಕ್ಕೋ, ಕೆಲಸ ಎಲ್ಲಿಗೂ ಓಡಿಹೋಗಲ್ಲ, ಅಕ್ಕರೆ ಇದೆ ಆ ದನಿಯಲ್ಲಿ, ನಟನೆಯಲ್ಲ, ನಟನೆಯಾಗಿದ್ದರೆ ಬೈದುಬಿಡುತ್ತಿದ್ದಳು, ಐಸ್‌ಕ್ರೀಮ್ ಕರಗಿಸಿಕೊಂಡು ಓಡಿಬಂದ ದಿನದ ದನಿಯೇ ಇದು, ಅದಕ್ಕೇ ಭಯವಾಗುತ್ತಿದೆ, ಮೇಜಿನಿಂದ ಹಣೆಯೆತ್ತಿ, ಹೂಂ, ಎಂದಳು, ಬರ್ತಾ ಏನಾದ್ರೂ ತರ್ಲಾ, ಹೂಂ, ಏನು ತರ್ಲಿ, ಏನಾದ್ರೂ, ಜಾಣೆ, ಇಡ್ಲಾ, ಹೂಂ, ಇಟ್ಟ, ಅವಳೂ ಇಟ್ಟಳು, ಫೋನನ್ನು ಬೋರಲು ಹಾಕಿ ಕೈಗಳೆರಡನ್ನೂ ತೊಡೆಯ ಮೇಲೆ ತಂದುಕೊಂಡಳು, ತಿರುಗಲೇ, ತಿರುಗಿ ಅದರ ಕಣ್ಣಿಗೆ ಕಣ್ಣಿಟ್ಟು ಏನಾದರೂ ಹೇಳಲೇ, ಏನು ಹೇಳಲಿ, ಪರದೆಯಲ್ಲಿ ಆ ಹೆಂಗಸು ಇನ್ನೂ ಫೋನು ಕಿವಿಗಿಟ್ಟುಕೊಂಡೇ ಇದ್ದಾಳೆ, ಮುಗಿಯಿತು ಕಣೇ, ಇಡು, ಅವನು ಇಟ್ಟಾಯಿತು, ನಾನೂ ಇಟ್ಟಾಯಿತು, ಚಿತ್ರ ತಡವರಿಸಿತು, ಮುಂದಕ್ಕೆ ಹೋಗಲಾರದೆ ನಿಂತಿತು, ನಡುವೆ ಸಣ್ಣದೊಂದು ಚಕ್ರ ತಿರುಗತೊಡಗಿತು, ಇಡು, ಅವಳು ಇಡುವುದಿಲ್ಲ, ಗೂನು ಬೆನ್ನು, ಮತ್ತೆ ಜೋತುಬಿದ್ದ ಕ್ಲಿಪ್ಪು, ಫೋನಿನ ಕಡೆಗೆ ವಾಲಿದ ಕತ್ತು, ಹೂಂ ಎಂದು ಅರ್ಧ ಆಡಿಸಿ ಹಾಗೆಯೇ ನಿಂತ ತಲೆ, ಗೂನು ಬೆನ್ನು, ಆ ತಲೆ, ಹೂಂ ಎಂದು, ಹೂಂ